ಏಳು ದಿನದಿಂದ ಬಂದಿಲ್ಲ, ಮಿಸ್

2025ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಒಡನಾಡಿ ಸೇವಾ ಸಂಸ್ಥೆಗೆ ಒಂದು ಸುಳಿವು ಸಿಕ್ಕಿತು. ಬೆಂಗಳೂರಿನ ಹೆಂಗಸೊಬ್ಬಳು ಹದಿಹರೆಯದ ಹೊಸ್ತಿಲಲ್ಲಿದ್ದ ಹುಡುಗಿಯ ವಿಡಿಯೊವನ್ನು ವಾಟ್ಸಾಪ್‌ನಲ್ಲಿ ಕಳಿಸಿ ಬೆಲೆ ಹೇಳುತ್ತಿದ್ದಾಳೆ, ಬೆಲೆ 20 ಲಕ್ಷ ರೂಪಾಯಿ ಎಂಬುದು ಸುಳಿವು. ಸಂಸ್ಥೆಯವರು ಪೊಲೀಸರಿಗೆ ತಿಳಿಸಿದರು. ಹುಡುಗಿಯನ್ನು ಮೈಸೂರಿಗೆ ಕರೆತಂದಾಗ ವಿಜಯನಗರ ಠಾಣೆಯವರು ಆ ಹೆಂಗಸನ್ನೂ ಜೊತೆಗಿದ್ದ ಗಂಡಸನ್ನೂ ಹಿಡಿದರು. ಹುಡುಗಿ ಬಾಲಮಂದಿರದ ಆಶ್ರಯ ಸೇರಿದಳು. ಪ್ರಕರಣದ ಸತ್ಯಾಸತ್ಯವನ್ನು ತೀರ್ಮಾನಿಸುವುದು ನ್ಯಾಯಾಲಯ. ನನ್ನನ್ನು ಕಾಡಿದ್ದು ಬೆಲೆಗಿಂತ ಹೆಚ್ಚಾಗಿ ಆಮೇಲೆ ಬಂದ ವರದಿಗಳಲ್ಲಿದ್ದ ಒಂದು ವಿವರ. ಈ ಮಗು ನಿನಗೇನಾಗಬೇಕು ಎಂದು ಕೇಳಿದಾಗ ಆ ಹೆಂಗಸಿನ ಉತ್ತರ ಮಗಳು, ಸಂಬಂಧಿಕರ ಮಗಳು, ಸಾಕುಮಗಳು ಎಂದು ಬದಲಾಗುತ್ತ ಹೋಯಿತಂತೆ. ಮೂರರಲ್ಲಿ ಯಾವುದು ನಿಜವಾದರೂ, ಮೂರೂ ಪರಿಚಯದ ಸಂಬಂಧಗಳೇ.

ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೊಂದೆರಡು ಸಲವಾದರೂ ಒಂದು ಸಂದೇಶ ಸುತ್ತುತ್ತದೆ. ಶಾಲೆಯ ಗೇಟಿನ ಬಳಿ ಬಿಳಿ ವ್ಯಾನ್ ನಿಂತಿದೆ, ಚಾಕೊಲೇಟ್ ತೋರಿಸಿ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ, ಎಲ್ಲರಿಗೂ ಹಂಚಿ ಎಂದು. ಆ ಸಂದೇಶವನ್ನು ನಂಬಿದ್ದರ ಫಲ ನಮಗೆ ಗೊತ್ತಿದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಬಡಿದು ಕೊಂದರು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬ ಹಾಗೆಯೇ ಸತ್ತ. ಇಬ್ಬರೂ ಯಾವ ಮಗುವನ್ನೂ ಕದ್ದಿರಲಿಲ್ಲ. ಅಪರಿಚಿತನ ಮೇಲೆ ಇಷ್ಟು ಕಣ್ಣಿಟ್ಟ ಊರಿನಲ್ಲಿ ಪರಿಚಿತರ ಕೈಹಿಡಿದು ಹೋಗುವ ಹುಡುಗಿಯ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಮಕ್ಕಳ ಸಾಗಣೆ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

ಮೂರು ಥರದ ಹುಡುಗಿಯರು

ದಕ್ಷಿಣ ಬೆಂಗಳೂರಿನವರಿಗೆ ತಮ್ಮ ಬಡಾವಣೆಗಳ ಬಗ್ಗೆ ಹೆಮ್ಮೆ ಸ್ವಲ್ಪ ಜಾಸ್ತಿಯೇ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರ, ಅದರ ಸಾಲುಮರ, ಗ್ರಂಥಾಲಯ, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸು, ಜೆ.ಪಿ. ನಗರದ ರಾಗಿಗುಡ್ಡ, ಬನಶಂಕರಿ ಅಮ್ಮನ ಗುಡಿಯ ಮುಂದಿನ ನಿಂಬೆಹಣ್ಣಿನ ದೀಪ. ಸಭ್ಯರ ಊರು, ಇಲ್ಲೆಲ್ಲ ಅಂಥದ್ದು ನಡೆಯುವುದಿಲ್ಲ ಎಂಬ ಭಾವನೆ ಹಳೆಯ ನಿವಾಸಿಗಳಲ್ಲಿ ಗಟ್ಟಿಯಾಗಿದೆ.

ಈ ಊರಿನಲ್ಲಿ ಮೂರು ಥರದ ಹುಡುಗಿಯರಿದ್ದಾರೆ. ಮೊದಲನೆಯವಳು ಒಳ್ಳೆಯ ಖಾಸಗಿ ಶಾಲೆಯಲ್ಲಿ ಒಂಬತ್ತನೆಯ ತರಗತಿಯವಳು. ಟ್ಯೂಷನ್, ಸ್ಕೂಟರ್ ಓಡಿಸುವ ಅಮ್ಮ, ಕೈಯಲ್ಲಿ ಸ್ವಂತ ಫೋನು. ಎರಡನೆಯವಳು ಸರ್ಕಾರಿ ಶಾಲೆಯ ಹುಡುಗಿ. ಅಪ್ಪ ಅಮ್ಮ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಜೆ.ಪಿ. ನಗರದ ಎಂಟನೇ ಹಂತದಲ್ಲೋ ಬನಶಂಕರಿ ಆರನೇ ಹಂತದಲ್ಲೋ ಖಾಲಿ ಸೈಟಿನ ನೀಲಿ ಟಾರ್ಪಾಲಿನ ಜೋಪಡಿಯಲ್ಲಿ ಇರುವವರು. ಮೇಸ್ತ್ರಿ ಬೇರೆ ಸೈಟಿಗೆ ಕಳಿಸಿದರೆ ಜೋಪಡಿಯೂ ಎದ್ದು ಹೋಗುತ್ತದೆ, ಹುಡುಗಿಯ ಶಾಲೆಯೂ ಹೋಗುತ್ತದೆ. ಮೂರನೆಯವಳನ್ನು ಶಾಲಾ ಬಾಲಕಿ ಎಂದು ಯಾರೂ ಕರೆಯುವುದಿಲ್ಲ. ವಯಸ್ಸು ಮಾತ್ರ ಮೊದಲಿಬ್ಬರದ್ದೇ. ಅವಳು ಯಾರದೋ ಫ್ಲ್ಯಾಟಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಾಳೆ, ಮಗು ಎತ್ತಿಕೊಳ್ಳುತ್ತಾಳೆ, ರಾತ್ರಿ ಯುಟಿಲಿಟಿಯಲ್ಲಿ ಚಾಪೆ ಹಾಸುತ್ತಾಳೆ.

ಮೂವರಿಗೂ ಬರುವ ಅಪಾಯ ಬೇರೆ ಬೇರೆ ವೇಷದ್ದು. ಪತ್ರಿಕೆಗಳಲ್ಲಿ ನಾವು ಹೆಚ್ಚಾಗಿ ಮೊದಲನೆಯವಳ ಬಗ್ಗೆ ಬರೆಯುತ್ತೇವೆ, ಏಕೆಂದರೆ ಅವಳ ಅಪ್ಪ ಅಮ್ಮ ಪತ್ರಿಕೆ ಓದುತ್ತಾರೆ.

ಮಾನವ ಸಾಗಣೆ ಅಂದಕೂಡಲೇ ಮುಂಬೈ ರೈಲು, ಕಾಮಾಟಿಪುರ ಎಂಬ ಸಿನಿಮಾ ಚಿತ್ರ ಕಣ್ಣಮುಂದೆ ಬರುತ್ತದೆ. ಕಾನೂನಿನ ಮಾತು ಅದಕ್ಕಿಂತ ವಿಶಾಲವಾಗಿದೆ. ಶೋಷಣೆಯ ಉದ್ದೇಶದಿಂದ ಒಬ್ಬರನ್ನು ಗೊತ್ತುಮಾಡುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಮತ್ತೊಬ್ಬರಿಗೆ ಒಪ್ಪಿಸುವುದು, ಬರಮಾಡಿಕೊಳ್ಳುವುದು, ಇದರಲ್ಲಿ ಯಾವೊಂದನ್ನು ಮಾಡಿದರೂ ಅಪರಾಧ. ಬಲವಂತವೇ ಆಗಬೇಕಿಲ್ಲ. ಮೋಸ, ಆಮಿಷ, ಅಧಿಕಾರದ ದುರುಪಯೋಗ ಸಾಕು. ಬಲಿಪಶುವಿನ ಒಪ್ಪಿಗೆಗೆ ಬೆಲೆಯಿಲ್ಲ. 2012ರ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿ ಬಂದು, 2013ರಲ್ಲಿ ಭಾರತೀಯ ದಂಡಸಂಹಿತೆಯ 370ನೇ ಕಲಂ ಹೊಸ ರೂಪ ಪಡೆದಾಗ ಈ ವ್ಯಾಖ್ಯಾನ ಬಂತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಆಗಿದೆ. ಸಾಗಿಸಿದ್ದು ಒಂದು ಮಗುವನ್ನಾದರೆ ಕನಿಷ್ಠ 10 ವರ್ಷ, ಒಂದಕ್ಕಿಂತ ಹೆಚ್ಚು ಮಕ್ಕಳನ್ನಾದರೆ ಕನಿಷ್ಠ 14 ವರ್ಷ, ಗರಿಷ್ಠ ಜೀವಾವಧಿ. ಊರು ದಾಟಬೇಕೆಂಬ ನಿಯಮವಿಲ್ಲ. ತಿಲಕನಗರದಿಂದ ಬಿಟಿಎಂ ಲೇಔಟಿನ ಬಾಡಿಗೆ ಫ್ಲ್ಯಾಟಿಗೆ ಆಟೊದಲ್ಲಿ ಕರೆದೊಯ್ದರೂ ಅದು ಸಾಗಣೆಯೇ.

ಗೆಳತಿ ಕರೆದಳು

2022ರ ಫೆಬ್ರುವರಿಯಲ್ಲಿ ಮಂಗಳೂರಿನ ನಂದಿಗುಡ್ಡೆಯ ಅಪಾರ್ಟ್‌ಮೆಂಟ್ ಒಂದರ ಪ್ರಕರಣ ರಾಜ್ಯವನ್ನು ಬೆಚ್ಚಿಬೀಳಿಸಿತು. ಪಿಯು ಓದುತ್ತಿದ್ದ ಹುಡುಗಿಯರನ್ನು ದಂಧೆಗೆ ಬಳಸಲಾಗುತ್ತಿತ್ತು, ವಿಡಿಯೊ ಮಾಡಿಕೊಂಡು ಬೆದರಿಸಲಾಗುತ್ತಿತ್ತು ಎಂಬುದು ಆರೋಪ. ಹೊರಗೆ ಬಂದದ್ದು ಹೇಗೆ ಎಂಬುದನ್ನು ಪ್ರತಿ ಶಾಲೆಯೂ ಗೋಡೆಗೆ ಅಂಟಿಸಿಕೊಳ್ಳಬೇಕು. ಒಬ್ಬ ಹುಡುಗಿ ಧೈರ್ಯ ಮಾಡಿ ತನ್ನ ಕಾಲೇಜಿನ ಪ್ರಾಂಶುಪಾಲರಿಗೆ ಹೇಳಿದಳು. ಪ್ರಾಂಶುಪಾಲರು ಅವಳನ್ನು ಬೈಯಲಿಲ್ಲ, ಟಿ.ಸಿ. ಕೊಟ್ಟು ಕೈತೊಳೆದುಕೊಳ್ಳಲೂ ಇಲ್ಲ. ವಿಷಯವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಮುಟ್ಟಿಸಿದರು. ಅಲ್ಲಿಂದ ಪೊಲೀಸ್ ಕಮಿಷನರ್ ಕಚೇರಿಯವರೆಗೆ ಹೋಗಿ ಹಲವರ ಬಂಧನವಾಯಿತು. ಕಾಲೇಜಿನ ಹೆಸರು ಕೆಡುತ್ತದೆ ಎಂದು ಆ ಪ್ರಾಂಶುಪಾಲರು ಹಿಂಜರಿದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಇಂಥ ಜಾಲಗಳು ಹುಡುಗಿಯಿಂದಲೇ ಹುಡುಗಿಯನ್ನು ಹಿಡಿಸುತ್ತವೆ. ಒಬ್ಬಳು ಸಿಕ್ಕಿದ ಮೇಲೆ ಅವಳಿಗೆ ಒಡ್ಡುವ ಬೆದರಿಕೆ, ನಿನ್ನನ್ನು ಬಿಡಬೇಕಾದರೆ ಇನ್ನೊಬ್ಬಳನ್ನು ಕರೆದುಕೊಂಡು ಬಾ ಎಂದು. ಶುರುವಿನಲ್ಲಿ ಇದಾವುದೂ ಕಾಣುವುದಿಲ್ಲ. ಕಾಣುವುದು ಬರ್ತ್‌ಡೇ ಪಾರ್ಟಿ, ಮದುವೆ ಹಾಲಿನ ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ಪನ್ನೀರು ಚಿಮುಕಿಸುವ ಒಂದು ಸಂಜೆಯ ಕೆಲಸ, ಬ್ಯೂಟಿ ಪಾರ್ಲರಿನಲ್ಲಿ ರಜೆಯ ತರಬೇತಿ, ರೀಲ್ಸ್ ನೋಡಿ ಮಾಡೆಲಿಂಗ್ ಅವಕಾಶ ಕೊಡುತ್ತೇನೆಂದ ಅಣ್ಣ. ಅಣ್ಣ ಎಂದೇ ಮಾತು ಶುರುವಾಗುತ್ತದೆ. ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನು ಅವನು ಕೇಳುತ್ತಾನೆ: ಊಟ ಆಯ್ತಾ, ಅಮ್ಮ ಯಾಕೆ ಬೈದ್ರು, ಮ್ಯಾಥ್ಸ್ ಕಷ್ಟನಾ? ತಿಂಗಳುಗಟ್ಟಲೆ ಕಾಯುವ ತಾಳ್ಮೆ ಅವನಿಗಿದೆ. ಆಮೇಲೊಂದು ಫೋಟೊ ಕೇಳುತ್ತಾನೆ. ಆ ಫೋಟೊ ಕೈಗೆ ಬಂದ ದಿನದಿಂದ ಅವನ ದನಿ ಬದಲಾಗುತ್ತದೆ.

ಬನಶಂಕರಿಯ ಅಪ್ಪ ಅಮ್ಮ ಆಗ ಮಾಡುವ ಮೊದಲ ಕೆಲಸವೆಂದರೆ ಫೋನು ಕಿತ್ತುಕೊಂಡು ಎರಡೇಟು ಹಾಕುವುದು. ಬೆದರಿಸುವವನಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ. ನಿಮ್ಮ ಮನೆಯಲ್ಲಿ ಹೇಳುತ್ತೇನೆ ಎಂಬುದೇ ಅವನ ಅಸ್ತ್ರ. ಮನೆಯಲ್ಲಿ ಹೇಳಿಕೊಳ್ಳಬಹುದಾದರೆ ಆ ಅಸ್ತ್ರಕ್ಕೆ ಮೊನೆಯೇ ಇಲ್ಲ. ಮಾಡಬೇಕಾದ್ದು ಬಹಳವಿಲ್ಲ. ಚಾಟ್ ಅಳಿಸಬಾರದು, ಹಣ ಕೊಡಬಾರದು, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಅಥವಾ ಸೈಬರ್ ಅಪರಾಧ ನೋಡುವ ಹತ್ತಿರದ ಸೆನ್ ಠಾಣೆಗೆ ದೂರು ಕೊಡಬೇಕು. 2023ರಲ್ಲಿ ಶುರುವಾದ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೊಂದಿದೆ. ಚಿತ್ರವನ್ನು ಯಾರಿಗೂ ಕಳಿಸದೆ, ಅದರ ಡಿಜಿಟಲ್ ಗುರುತನ್ನಷ್ಟೇ ಫೋನಿನಲ್ಲೇ ತಯಾರಿಸಿ ಕೊಟ್ಟರೆ, ಸೇವೆಯಲ್ಲಿ ಪಾಲ್ಗೊಂಡಿರುವ ಜಾಲತಾಣಗಳು ಆ ಚಿತ್ರವನ್ನು ತಡೆಯುತ್ತವೆ. ಹುಡುಗಿ ತಾನೇ ಹೆಸರು ಹೇಳದೆ ಇದನ್ನು ಮಾಡಬಹುದು. ಅಂಥ ಚಿತ್ರವನ್ನು ಇಟ್ಟುಕೊಳ್ಳುವುದೂ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಅಪರಾಧವಾಗಬಹುದು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಂದರೆ ಹೆದರಬೇಕಾದವನು ಅವನು.

ಇಲ್ಲೊಂದು ಎಚ್ಚರವೂ ಬೇಕು. ಹದಿನೇಳರ ಹುಡುಗಿಯ ಪ್ರತಿಯೊಂದು ಪ್ರೀತಿಯೂ ಸಾಗಣೆಯಲ್ಲ. ಪೋಕ್ಸೊ ಕಾಯ್ದೆ 18ರ ಕೆಳಗಿನವರ ಒಪ್ಪಿಗೆಯನ್ನು ಪರಿಗಣಿಸುವುದಿಲ್ಲ. ಹಾಗಾಗಿ ಜಾತಿ ಬೇರೆಯಾದ ಹುಡುಗನ ಮೇಲೆ ಹುಡುಗಿಯ ಮನೆಯವರೇ ಕೇಸು ಹಾಕಿಸುವುದು ನಡೆದೇ ಇದೆ. ಈ ವಯೋಮಿತಿಯನ್ನು ಮತ್ತೆ ನೋಡಬೇಕೆಂದು 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವೇ ಕಾನೂನು ಆಯೋಗಕ್ಕೆ ಸೂಚಿಸಿತ್ತು. 2023ರ ಸೆಪ್ಟೆಂಬರ್‌ನ ವರದಿಯಲ್ಲಿ ಆಯೋಗ ವಯಸ್ಸು ಇಳಿಸುವುದು ಬೇಡವೆಂದಿತು. ಮುಖ್ಯ ಕಾರಣಗಳಲ್ಲೊಂದು ಮಕ್ಕಳ ಸಾಗಣೆಯ ಭಯ. ಪ್ರೀತಿಯನ್ನೆಲ್ಲ ಪೊಲೀಸ್ ಠಾಣೆಗೆ ಎಳೆಯುವ ಮನೆಯಲ್ಲಿ, ನಿಜವಾಗಿ ಸಿಕ್ಕಿಬಿದ್ದ ಹುಡುಗಿ ಬಾಯಿ ಬಿಡುವುದೇ ಇಲ್ಲ.

ನಮ್ಮ ಅಡುಗೆಮನೆಯಲ್ಲಿ

ಹಳೆಯ ನಿವಾಸಿಗಳಿಗೆ ಇಷ್ಟವಾಗದ ಮಾತೊಂದನ್ನು ಹೇಳಲೇಬೇಕು. ದಕ್ಷಿಣ ಬೆಂಗಳೂರಿನಿಂದ ಹುಡುಗಿಯರನ್ನು ಕರೆದೊಯ್ಯುವ ಭಯ ನಮಗೆ ಇರುವುದು ಸರಿ. ದಕ್ಷಿಣ ಬೆಂಗಳೂರಿಗೆ ಹುಡುಗಿಯರನ್ನು ತಂದು ಬಿಡುವವರಿಗೆ ಗಿರಾಕಿಗಳು ಯಾರು?

ಜಾರ್ಖಂಡ್, ಒಡಿಶಾ, ಅಸ್ಸಾಂ, ಬಂಗಾಳದಿಂದ ಏಜೆನ್ಸಿಗಳ ಮೂಲಕ ಬರುವ ಹುಡುಗಿಯರಿದ್ದಾರೆ. ನಮ್ಮದೇ ಕಲ್ಯಾಣ ಕರ್ನಾಟಕದ, ಚಾಮರಾಜನಗರದ, ಗಡಿಯಾಚೆಯ ಕೃಷ್ಣಗಿರಿಯ ಹಳ್ಳಿಗಳಿಂದ ‘ಓದಿಸುತ್ತೇವೆ, ಮನೆ ಮಗಳಂತೆ ನೋಡಿಕೊಳ್ಳುತ್ತೇವೆ’ ಎಂಬ ಮಾತಿನ ಮೇಲೆ ಬಂದವರೂ ಇದ್ದಾರೆ. ಮಧ್ಯವರ್ತಿ ಅನೇಕ ಸಲ ಊರಿನವನೇ, ಸೋದರತ್ತೆಯೇ, ಅದೇ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುವ ಪರಿಚಿತಳೇ. ಸಂಬಳ ಮಧ್ಯವರ್ತಿಗೋ ಅಪ್ಪನಿಗೋ ಹೋಗುತ್ತದೆ. ಎಷ್ಟೆಂಬುದು ಹುಡುಗಿಗೆ ಗೊತ್ತಿರುವುದಿಲ್ಲ. 14ರ ಕೆಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ. 18ರವರೆಗಿನ ಮಗುವನ್ನು ದುಡಿಸಿಕೊಂಡು ಕೂಡಿಹಾಕಿದರೆ ಅಥವಾ ಕೂಲಿ ಹಿಡಿದಿಟ್ಟರೆ ಬಾಲನ್ಯಾಯ ಕಾಯ್ದೆಯ 79ನೇ ಕಲಂ ಪ್ರಕಾರ 5 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿ ದಂಡ.

ಕಾನೂನು ಹೀಗಿದ್ದೂ ಲಿಫ್ಟಿನಲ್ಲಿ ಸಿಗುವ ಹದಿಮೂರರ ಹುಡುಗಿಯನ್ನು ಕಂಡು ‘ನಿಮ್ಮ ಮನೆ ಹುಡುಗಿ ಚೂಟಿ’ ಎಂದು ಪಕ್ಕದ ಮನೆಯವರು ಮೆಚ್ಚುತ್ತಾರೆ. ಅಸೋಸಿಯೇಷನ್ನಿನವರು ನಾಯಿಯ ಲಸಿಕೆ ಪತ್ರ ಕೇಳುತ್ತಾರೆ, ಈ ಹುಡುಗಿಯ ಶಾಲೆ ಯಾವುದೆಂದು ಕೇಳುವುದಿಲ್ಲ. ಬಾಗಿಲಲ್ಲಿ ಆ್ಯಪ್ ಹಿಡಿದು ಕೆಲಸದವರ ಒಳಹೋಗುವಿಕೆ ಹೊರಬರುವಿಕೆಯನ್ನೆಲ್ಲ ದಾಖಲಿಸುವ ಕಾವಲುಗಾರನಿಗೆ, ಒಳಗೇ ಇದ್ದು ಹೊರಗೇ ಬಾರದ ಹುಡುಗಿ ಕಾಣುವುದು ಹೇಗೆ? ಮನೆಗೆಲಸಕ್ಕೆ ಎಂದು ಬಂದವಳು ಒಂದು ದಿನ ಹೊಡೆತ ತಾಳದೆ ಗೇಟು ದಾಟಿ ಓಡುತ್ತಾಳೆ. ಭಾಷೆ ಬಾರದ ಊರಿನಲ್ಲಿ, ಕೈಯಲ್ಲಿ ಕಾಸಿಲ್ಲದೆ, ಬಸ್ ನಿಲ್ದಾಣದಲ್ಲಿ ಕೂತವಳನ್ನು ‘ಎಲ್ಲಿಗೆ ಹೋಗಬೇಕಮ್ಮ’ ಎಂದು ಮೊದಲು ಕೇಳುವವನು ಯಾರು ಎಂಬುದರ ಮೇಲೆ ಅವಳ ಮುಂದಿನ ಬದುಕು ನಿಂತಿರುತ್ತದೆ.

ಒಳ್ಳೆಯವರು ಕೇಳಿದ್ದೂ ಇದೆ. 2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಉತ್ತರ ಭಾಗದ ಅಪಾರ್ಟ್‌ಮೆಂಟಿನಿಂದ ಮೂವರು ಮಕ್ಕಳು, ಅವರೊಂದಿಗೆ ಒಬ್ಬ ಯುವತಿ, ಮನೆಯವರಿಗೆ ಹೇಳದೆ ಹೊರಟರು. ಅವರು ಮಂಗಳೂರಿನಲ್ಲಿ ಪತ್ತೆಯಾಗಲು ಕಾರಣ ಆಟೊ ಚಾಲಕರ ಅನುಮಾನ. ಹೊತ್ತಲ್ಲದ ಹೊತ್ತಿನಲ್ಲಿ ಅಲೆಯುತ್ತಿದ್ದ ಮಕ್ಕಳು ಅವರ ಕಣ್ಣಿಗೆ ಬಿದ್ದರು. ರಾತ್ರಿ ಹನ್ನೊಂದರ ತನಕ ಚೆನ್ನೈ, ಹೈದರಾಬಾದ್, ಕೊಚ್ಚಿ ಬಸ್ಸುಗಳು ಹೊರಡುವ ಮಡಿವಾಳದ ಪಿಕಪ್ ಪಾಯಿಂಟುಗಳಲ್ಲಿ ಬೋರ್ಡಿಂಗ್ ನೋಡುವ ಹುಡುಗರಿಗೆ ಇಂಥದ್ದೊಂದು ತರಬೇತಿ ಕೊಡಲು ಸಾರಿಗೆ ಇಲಾಖೆಗೆ ಎಷ್ಟು ಖರ್ಚಾದೀತು? ರೈಲು ನಿಲ್ದಾಣಗಳಲ್ಲಿ ರೈಲ್ವೆ ರಕ್ಷಣಾ ಪಡೆಯವರೂ ಮಕ್ಕಳ ಸಹಾಯ ಕೇಂದ್ರದವರೂ ಇದ್ದಾರೆ. ಖಾಸಗಿ ಬಸ್ಸಿನ ಮೆಟ್ಟಿಲ ಬಳಿ ಯಾರೂ ಇಲ್ಲ. ಲಾಡ್ಜ್, ಹೋಟೆಲ್, ಸ್ಟುಡಿಯೊ, ಆಸ್ಪತ್ರೆಗಳ ಸಿಬ್ಬಂದಿ ಮಗುವಿನ ಲೈಂಗಿಕ ಶೋಷಣೆಯ ಸಾಮಗ್ರಿ ಕಣ್ಣಿಗೆ ಬಿದ್ದರೆ ತಿಳಿಸಲೇಬೇಕೆಂದು ಪೋಕ್ಸೊದ 20ನೇ ಕಲಂ ಹೇಳುತ್ತದೆ. ಬಸ್ಸಿನವರ ಹೆಸರು ಆ ಪಟ್ಟಿಯಲ್ಲಿಲ್ಲ.

ಹಾಜರಿ

ಈಗ ಎರಡನೆಯ ಹುಡುಗಿಯ ಕಡೆಗೆ ಬರುತ್ತೇನೆ, ಜೋಪಡಿಯವಳು. ಸೋಮವಾರ ಅವಳು ಶಾಲೆಗೆ ಬರುವುದಿಲ್ಲ. ಮಂಗಳವಾರವೂ ಇಲ್ಲ. ಗುರುವಾರ ಮಿಸ್ ಪಕ್ಕದ ಜೋಪಡಿಯ ಹುಡುಗನನ್ನು ಕೇಳುತ್ತಾರೆ. ಶನಿವಾರ ಅವಳ ತಾಯಿ ಸಿಕ್ಕಾಗ ಉತ್ತರ ಸಿದ್ಧವಾಗಿರುತ್ತದೆ: ‘ಊರಿಗ್ ಹೋಗ್ಯಾಳ್ರಿ ಮೇಡಮ್ಮಾರ, ಅವರಜ್ಜಿಗಿ ಆರಾಮಿಲ್ಲ.’ ನೂರರಲ್ಲಿ ತೊಂಬತ್ತು ಸಲ ಅದು ನಿಜವೇ ಇರುತ್ತದೆ. ಉಳಿದ ಕೆಲವು ಸಲ ಆ ಊರಿನಲ್ಲಿ ಮದುವೆಯಾಗಿರುತ್ತದೆ. ಇನ್ನು ಕೆಲವು ಸಲ ಮೇಸ್ತ್ರಿಯ ಕಡೆಯವರು ‘ಗಾರ್ಮೆಂಟ್ಸ್‌ನಲ್ಲಿ ಕೆಲಸ, ಹಾಸ್ಟೆಲ್ ಅವರದೇ’ ಎಂದು ಕರೆದೊಯ್ದಿರುತ್ತಾರೆ, ಯಾವ ಊರೆಂದು ತಾಯಿಗೂ ಗೊತ್ತಿರುವುದಿಲ್ಲ.

ಇಂಥ ಗೈರುಹಾಜರಿಯನ್ನು ಹಿಡಿಯಲು ಒಂದು ನಿಯಮವಿದೆ. 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಕರ್ನಾಟಕ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತು. ಅದಕ್ಕೆ ಮುಂಚೆ 60 ದಿನ ಬಾರದ ಮಗುವನ್ನಷ್ಟೇ ಶಾಲೆ ಬಿಟ್ಟ ಮಗು ಎಂದು ಎಣಿಸಲಾಗುತ್ತಿತ್ತು. ಆಮೇಲೆ ಆ ಗಡುವು ಏಳು ದಿನಕ್ಕೆ ಇಳಿಯಿತು. ಅರವತ್ತು ದಿನಕ್ಕೂ ಏಳು ದಿನಕ್ಕೂ ಇರುವ ಅಂತರ ಸಣ್ಣದಲ್ಲ. ಅರವತ್ತು ದಿನದಲ್ಲಿ ಒಬ್ಬ ಹುಡುಗಿಯ ಹೆಸರು, ಊರು, ವಯಸ್ಸು ಎಲ್ಲವೂ ಬದಲಾಗಿ ಹೊಸ ಆಧಾರ್ ಪ್ರತಿಯೂ ಸಿದ್ಧವಾಗಿಬಿಡುತ್ತದೆ. ಏಳನೆಯ ದಿನ ಮನೆಯ ಬಾಗಿಲು ತಟ್ಟಿದರೆ ಸುಳಿವು ಇನ್ನೂ ಬಿಸಿಯಾಗಿರುತ್ತದೆ.

ಬಾಗಿಲು ತಟ್ಟುವವರು ಯಾರು? ಜನಗಣತಿ, ಚುನಾವಣೆ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಸ್ಯಾಟ್ಸ್ ಪೋರ್ಟಲ್‌ಗೆ ಅಂಕಿ ತುಂಬುವ ಕೆಲಸ, ಎಲ್ಲದರ ಜೊತೆಗೆ ಇದೂ ಶಿಕ್ಷಕಿಯ ತಲೆಗೇ. ಈ ವ್ಯವಸ್ಥೆಯ ಮೇಲೆ ನನ್ನ ತಕರಾರು ಇರುವುದು ಇಲ್ಲಿ. ಸ್ಯಾಟ್ಸ್ ಎಂಬ ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆಯಿದೆ. ಹದಿನಾಲ್ಕರ ಹುಡುಗಿ ಒಂದು ಶಾಲೆ ಬಿಟ್ಟು ಇನ್ನೊಂದು ಶಾಲೆ ಸೇರಲಿಲ್ಲ ಎಂಬುದು ಅಲ್ಲಿ ತಾನಾಗಿಯೇ ಗೋಚರಿಸಬೇಕು. ಗೋಚರಿಸಿದ್ದು ಶಿಕ್ಷಣ ಇಲಾಖೆಯ ಗೋಡೆ ದಾಟಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ಎರಡು ಇಲಾಖೆಗಳ ನಡುವಿನ ಈ ಒಂದು ಹೆಜ್ಜೆ ಶಿಕ್ಷಕಿಯ ಸೌಜನ್ಯದ ಮೇಲೆ ನಿಂತಿದೆ.

ಯಾರೂ ಗಮನಿಸದ ಒಂದು ಕಾಲವೂ ಇದೆ: ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ. ಹಾಜರಿಯೇ ಇಲ್ಲದ ದಿನಗಳು. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದೂ ಆ ಹೊತ್ತಿಗೇ. ಫೇಲಾದ ಹುಡುಗಿಗೆ ಶಾಲೆ ಮುಗಿದಿದೆ, ಕಾಲೇಜು ಶುರುವಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆಯೂ 14ಕ್ಕೆ ಮುಗಿದಿದೆ. ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಫಲಿತಾಂಶದ ಮರುದಿನ ಪತ್ರಿಕೆಗಳು ಟಾಪರ್‌ಗಳಿಗೆ ಲಾಡು ತಿನ್ನಿಸುವ ಫೋಟೊ ಹಾಕುತ್ತವೆ. ಆ ದಿನ ಫೇಲಾದ ಹುಡುಗಿಯರ ಮನೆಗೆ ಒಂದೊಂದು ಫೋನ್ ಮಾಡುವ ಮುಖ್ಯೋಪಾಧ್ಯಾಯಿನಿ ಎಷ್ಟು ಮಕ್ಕಳನ್ನು ಉಳಿಸುತ್ತಾರೆ ಎಂಬುದಕ್ಕೆ ಲೆಕ್ಕವಿಡುವವರಿಲ್ಲ.

ಎರಡು ದಿನ ನೋಡಮ್ಮ

ಕಾಣೆಯಾದ ಹುಡುಗಿಯ ತಾಯಿ ಠಾಣೆಗೆ ಹೋದಾಗ ಬಹುಕಾಲದಿಂದ ಕೇಳಿಬರುವ ಮಾತು ಒಂದೇ: ‘ಯಾರ್ ಜೊತೆನೋ ಹೋಗಿರ್ತಾಳೆ, ಎರಡು ದಿನ ನೋಡಮ್ಮ.’ ಹೀಗೆ ಹೇಳುವ ಹಕ್ಕು ಈಗ ಯಾವ ಅಧಿಕಾರಿಗೂ ಇಲ್ಲ. 2013ರ ಮೇ ತಿಂಗಳಲ್ಲಿ ಬಚಪನ್ ಬಚಾವೊ ಆಂದೋಲನ ಎಂಬ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು. ಮಗು ಕಾಣೆಯಾಗಿದೆ ಎಂದು ಯಾರು ಬಂದರೂ ಎಫ್ಐಆರ್ ದಾಖಲಿಸಬೇಕು, ಬೇರೆಯೆಂದು ಸಾಬೀತಾಗುವವರೆಗೆ ಅದನ್ನು ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ತನಿಖೆ ನಡೆಸಬೇಕು. ನಾಲ್ಕು ತಿಂಗಳಲ್ಲಿ ಪತ್ತೆಯಾಗದಿದ್ದರೆ ಪ್ರಕರಣ ಮಾನವ ಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಇದೆ. 1996ರಲ್ಲಿ ಮುಂಬೈಯಲ್ಲಿ ಶುರುವಾದ ಅದು 2023ರಿಂದ 112ರ ತುರ್ತು ವ್ಯವಸ್ಥೆಯೊಂದಿಗೆ ಜೋಡಣೆಯಾಗಿ ಸರ್ಕಾರದ ಕೈಗೆ ಬಂದಿದೆ. ಠಾಣೆಗೆ ಹೋಗುವ ಅಪ್ಪ ಅಮ್ಮ ಹುಡುಗಿಯ ಇತ್ತೀಚಿನ ಫೋಟೊ, ಫೋನಿನ ಐಎಂಇಐ ಸಂಖ್ಯೆ, ಇನ್‌ಸ್ಟಾಗ್ರಾಂ ಹೆಸರು, ಶಾಲೆಯ ಪ್ರಮಾಣಪತ್ರ ಒಯ್ದರೆ ಮೊದಲ ದಿನವೇ ಕೆಲಸ ಶುರುವಾಗುತ್ತದೆ.

ಶಾಲೆಯ ಪ್ರಮಾಣಪತ್ರ ಎಂದಾಗ ಅದರ ಬೆಲೆಯನ್ನು ಬಿಡಿಸಿ ಹೇಳಬೇಕು. ಹುಡುಗಿ ಪತ್ತೆಯಾದ ಮೇಲೆ ನ್ಯಾಯಾಲಯದಲ್ಲಿ ಆರೋಪಿಯ ವಕೀಲರು ಎತ್ತುವ ಮೊದಲ ತಕರಾರು ವಯಸ್ಸಿನದ್ದು. ಅವಳು 18 ದಾಟಿದವಳು, ಸ್ವಇಚ್ಛೆಯಿಂದ ಬಂದವಳು ಎಂದು. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ವಯಸ್ಸಿಗೆ ಮೊದಲ ಸಾಕ್ಷಿ ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಾಲಿಕೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಎಕ್ಸ್‌ರೇ. ಆ ಎಕ್ಸ್‌ರೇ ಲೆಕ್ಕದಲ್ಲಿ ಎರಡು ವರ್ಷ ಆಚೀಚೆಯಾಗಬಹುದೆಂದು ನ್ಯಾಯಾಲಯಗಳು ಒಪ್ಪುತ್ತವೆ. ಹದಿನೇಳರ ಹುಡುಗಿ ಆ ಲೆಕ್ಕದಲ್ಲಿ ಹತ್ತೊಂಬತ್ತರ ಹೆಂಗಸಾಗಿಬಿಡಬಹುದು, ಆರೋಪಿ ಮನೆಗೆ ಹೋಗಬಹುದು. ಒಂದನೇ ತರಗತಿಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದ ಒಂದು ದಿನಾಂಕ ಇಷ್ಟು ಭಾರ ಹೊರುತ್ತದೆ. ಶಾಲೆಯನ್ನೇ ಕಾಣದ ಹುಡುಗಿಗೆ ಆ ದಿನಾಂಕವೂ ಇಲ್ಲ.

ಕೋರ್ಟಿನ ಕಾಲಗತಿ ಬೇರೆಯೇ. ಬೆಂಗಳೂರಿನ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಡುತ್ತೇನೆ. 2021ರ ಮೇ ತಿಂಗಳಲ್ಲಿ ರಾಮಮೂರ್ತಿನಗರದಲ್ಲಿ ಬಾಂಗ್ಲಾದೇಶದ ಯುವತಿಯ ಮೇಲೆ ನಡೆದ ಸಾಮೂಹಿಕ ದೌರ್ಜನ್ಯದ ವಿಡಿಯೊ ಎಲ್ಲೆಡೆ ಹರಿದಾಡಿತು. ಟಿಕ್‌ಟಾಕ್ ಗುಂಪುಗಳ ಮೂಲಕ ಢಾಕಾದ ಕಡೆಯ ಹುಡುಗಿಯರಿಗೆ ಕೆಲಸದ ಆಸೆ ತೋರಿಸಿ ಗಡಿ ದಾಟಿಸುತ್ತಿದ್ದ ಜಾಲ ಅದರಿಂದ ಬಯಲಾಯಿತು. ಒಂದೇ ವರ್ಷದಲ್ಲಿ, 2022ರ ಮೇ ಹೊತ್ತಿಗೆ, ವಿಶೇಷ ನ್ಯಾಯಾಲಯ ಏಳು ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇನ್ನೊಂದು, 2010ರ ನವೆಂಬರ್‌ನಲ್ಲಿ ಪೀಣ್ಯ ಪೊಲೀಸರು ಸ್ವಯಂಸೇವಾ ಸಂಸ್ಥೆಯ ಮಾಹಿತಿಯ ಮೇಲೆ ಬಾಡಿಗೆ ಮನೆಯೊಂದರಿಂದ ಅಪ್ರಾಪ್ತ ಹುಡುಗಿಯನ್ನು ರಕ್ಷಿಸಿದ ಪ್ರಕರಣ. ವಿಡಿಯೊ ಇರಲಿಲ್ಲ, ಟಿ.ವಿ. ಚರ್ಚೆಯೂ ಇರಲಿಲ್ಲ. ವಿಚಾರಣಾ ನ್ಯಾಯಾಲಯ, ಹೈಕೋರ್ಟ್ ದಾಟಿ ಅದು ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 2025ರ ಡಿಸೆಂಬರ್‌ನಲ್ಲಿ. ಹುಡುಗಿ ಅಷ್ಟರಲ್ಲಿ ಮೂವತ್ತರ ಆಸುಪಾಸಿನ ಮಹಿಳೆ.

ಆ ತೀರ್ಪು ಮಾತ್ರ ಪ್ರತಿ ಠಾಣೆಯಲ್ಲೂ ಓದಬೇಕಾದದ್ದು. ನ್ಯಾಯಮೂರ್ತಿಗಳಾದ ಮನೋಜ್ ಮಿಶ್ರಾ ಮತ್ತು ಜಾಯ್‌ಮಾಲ್ಯ ಬಾಗ್ಚಿ ಅವರ ಪೀಠ ಶಿಕ್ಷೆಯನ್ನು ಎತ್ತಿಹಿಡಿದು, ಸಾಗಣೆಗೊಳಗಾದ ಮಗುವಿನ ಸಾಕ್ಷ್ಯವನ್ನು ಹೇಗೆ ನೋಡಬೇಕೆಂದು ವಿವರಿಸಿತು. ಅವಳನ್ನು ಅಪರಾಧದ ಪಾಲುದಾರಳಂತೆ ಕಾಣಕೂಡದು, ಗಾಯಗೊಂಡ ಸಾಕ್ಷಿಯ ಮಾತಿಗೆ ಇರುವ ತೂಕ ಅವಳ ಮಾತಿಗೂ ಇದೆ. ತಕ್ಷಣ ಪ್ರತಿಭಟಿಸಲಿಲ್ಲ, ಹೇಳಿಕೆಯಲ್ಲಿ ಸಣ್ಣಪುಟ್ಟ ವ್ಯತ್ಯಾಸವಿದೆ ಎಂದು ತಳ್ಳಿಹಾಕಬಾರದು. ಬಡತನ, ಜಾತಿ, ಜಾಲದ ಹಲವು ಪದರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯಾಕೆ ಓಡಿಹೋಗಲಿಲ್ಲ, ಯಾಕೆ ಕೂಗಲಿಲ್ಲ ಎಂದು ಕೇಳುವ ನಮ್ಮ ಪಕ್ಕದ ಮನೆಯವರಿಗೂ ಈ ಮಾತು ಸಲ್ಲುತ್ತದೆ.

ವಾಪಸು ಬಂದಮೇಲೆ

ರಕ್ಷಣೆ ಎಂದರೆ ಕಥೆ ಮುಗಿಯಿತು ಎಂದುಕೊಳ್ಳುತ್ತೇವೆ. ಹುಡುಗಿಗೆ ಅಲ್ಲಿಂದ ಇನ್ನೊಂದು ದೀರ್ಘ ಕಾಲ ಶುರು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು, ವೈದ್ಯಕೀಯ ತಪಾಸಣೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ, ಬಾಲಮಂದಿರ. ಬೆಂಗಳೂರಿನಲ್ಲಿ ಅದು ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್‌ನ ಆಸುಪಾಸಿನಲ್ಲಿ, ಬಿಟಿಎಂ ಮತ್ತು ಜಯನಗರಕ್ಕೆ ಕೂಗಳತೆಯ ದೂರದಲ್ಲಿದೆ. ನಿದ್ದೆ ಬಾರದ ರಾತ್ರಿಗಳು, ಗಂಡಸಿನ ದನಿ ಕೇಳಿದರೆ ನಡುಕ, ಮೈಮೇಲೆ ತಾನೇ ಗೀರಿಕೊಂಡ ಗಾಯ, ಸೋಂಕು, ಕೆಲವೊಮ್ಮೆ ಗರ್ಭ. 2021ರ ತಿದ್ದುಪಡಿಯ ನಂತರ ಅಪ್ರಾಪ್ತರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ. ಆದರೆ ಹೇಳಿಕೊಳ್ಳಲು ಹೆದರಿದ ಹುಡುಗಿಗೆ ಆ ವಾರಗಳು ಗೊತ್ತಾಗದೆ ಕಳೆದುಹೋಗುತ್ತವೆ. ಪರಿಹಾರದ ಹಣವನ್ನು ತೀರ್ಪಿಗೆ ಕಾಯದೆ ಮಧ್ಯಂತರವಾಗಿ ಕೊಡಿಸಲು ಪೋಕ್ಸೊ ನಿಯಮಗಳಲ್ಲೇ ದಾರಿಯಿದೆ. ಅರ್ಜಿ ಹಾಕಬೇಕೆಂದು ಹೇಳುವವರು ಸಿಗಬೇಕು. ನ್ಯಾಯಾಲಯದಲ್ಲಿ ಜೊತೆ ನಿಲ್ಲಲು ಸಹಾಯಕ ವ್ಯಕ್ತಿಯೊಬ್ಬರನ್ನು ಪಡೆಯುವ ಹಕ್ಕೂ ಅವಳಿಗಿದೆ.

ಮನೆಗೆ ಕಳಿಸುವುದೇ ಎಲ್ಲಕ್ಕಿಂತ ಒಳ್ಳೆಯದು ಎಂಬ ನಂಬಿಕೆಯನ್ನೂ ಪ್ರಶ್ನಿಸಬೇಕು. ಕಳಿಸಿಕೊಟ್ಟವರೇ ಮನೆಯವರಾಗಿದ್ದರೆ? ಸಮಿತಿ ಮನೆಯ ತನಿಖಾ ವರದಿ ತರಿಸಿಕೊಂಡ ಮೇಲೆಯೇ ತೀರ್ಮಾನಿಸಬೇಕೆಂದು ಕಾನೂನು ಹೇಳುವುದು ಅದಕ್ಕೇ. ಮಾನಕ್ಕಂಜಿ ಆತುರಾತುರವಾಗಿ ಮದುವೆ ಮಾಡಿಬಿಡುವ ಮನೆಗಳಿಗೆ ಒಂದು ಮಾತು: ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಈ ರಾಜ್ಯದಲ್ಲಿ ಮೊದಲಿಂದಲೇ ಅಸಿಂಧು.

ಕೊನೆಗೆ ಉಳಿಯುವುದು ಶಾಲೆ. ವಾಪಸು ಬಂದ ಹುಡುಗಿಯನ್ನು ಸೇರಿಸಿಕೊಳ್ಳುವಾಗ ಆಡಳಿತ ಮಂಡಳಿಗಳು ತಡವರಿಸುತ್ತವೆ. ಮಧ್ಯವರ್ಷ, ಸೀಟಿಲ್ಲ, ಹಾಜರಿ ಸಾಲದು, ಬೇರೆ ಪೋಷಕರು ಆಕ್ಷೇಪಿಸುತ್ತಾರೆ. 14ರೊಳಗಿನವಳಾದರೆ ವರ್ಷದ ಯಾವ ತಿಂಗಳಲ್ಲಾದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಟಿ.ಸಿ. ತಡವಾದದ್ದು ನೆಪವಾಗಕೂಡದು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ದೊಡ್ಡವಳಾದರೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು, ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕವೂ ಬರೆಯಬಹುದು. ಅವಳ ಗುರುತು ಬಿಟ್ಟುಕೊಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. ಸ್ಟಾಫ್ ರೂಮಿನಲ್ಲಿ ಪಿಸುಗುಟ್ಟುವವರಿಗೂ ಅದನ್ನು ಒಮ್ಮೆ ಓದಿ ಹೇಳುವುದು ಒಳ್ಳೆಯದು. ಇನ್ನು ಕೈಕೆಳಗಿನವರು ಎಸಗಿದ ದೌರ್ಜನ್ಯದ ಸುಳಿವು ಸಿಕ್ಕೂ ಪೊಲೀಸರಿಗೆ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಪೋಕ್ಸೊದ 21ನೇ ಕಲಂನಲ್ಲಿ ಒಂದು ವರ್ಷದವರೆಗೆ ಜೈಲಿದೆ. ಸಂಸ್ಥೆಯ ಹೆಸರು ಉಳಿಸಲೆಂದು ಸುಮ್ಮನಿರುವವರು ಈ ಕಲಂ ಅನ್ನು ಮೊದಲು ಓದಿಕೊಳ್ಳಲಿ.